ಅಂಗವೈಕಲ್ಯ ಮಾಸಾಶನದ ಅರ್ಜಿದಾರರ ಉದ್ಯೋಗ (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕದ ಸಾಮಾಜಿಕ ಭದ್ರತಾ ವ್ಯವಸ್ಥೆಯಲ್ಲಿ, ಅಂಗವೈಕಲ್ಯ ವಿಮೆಯ ಮಾಸಾಶನಕ್ಕೆ ಅರ್ಜಿ ಸಲ್ಲಿಸಿದವನು ತೀರ್ಮಾನ ಹೊರಬೀಳುವ ಮುನ್ನ ಸಂಬಳಕ್ಕೆ ದುಡಿಯುವುದು ನಿಷಿದ್ಧವಲ್ಲ. ಆದರೆ ಆ ದುಡಿಮೆಯ ಫಲವು ಒಂದು ನಿಯತ ಮಿತಿಯನ್ನು ಮೀರಿತೆಂದರೆ, ವ್ಯಾಧಿ ಎಷ್ಟೇ ಉಗ್ರವಾಗಿರಲಿ, ವೈದ್ಯರ ವರದಿಗಳ ವಿಚಾರಣೆಗೆ ತೊಡಗದೆಯೇ ಅರ್ಜಿಯು ಸಾಮಾನ್ಯವಾಗಿ ತಿರಸ್ಕೃತವಾಗುವುದು. ಐದು ಹಂತಗಳ ಪರೀಕ್ಷೆಯಲ್ಲಿ ಸಂಪಾದನೆಯ ಪ್ರಶ್ನೆಯೇ ಮೊದಲನೆಯದು.

ಇತಿಹಾಸ: 1935ರ ಮೂಲ ಕಾಯಿದೆಯಲ್ಲಿ ಈ ವಿಮೆ ಇರಲಿಲ್ಲ. 1954ರಲ್ಲಿ, ದುಡಿಯಲಾರದೆ ಕಳೆದ ವರ್ಷಗಳಿಂದ ಕಾರ್ಮಿಕನ ವೃದ್ಧಾಪ್ಯದ ಹಕ್ಕಿಗೆ ಕುಂದು ಬಾರದಂತೆ ರಕ್ಷಣೆಯೊಂದನ್ನು ಮಾತ್ರ ಕಲ್ಪಿಸಲಾಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಿದ ತಿದ್ದುಪಡಿಯಿಂದ ನಗದು ಮಾಸಾಶನವು ಮೊದಲಾಯಿತಾದರೂ ಅದು 50 ವರ್ಷ ತುಂಬಿದವರಿಗಷ್ಟೇ ಸಲ್ಲುತ್ತಿತ್ತು. ಆ ವಯೋಮಿತಿಯು 1960ರಲ್ಲಿ ರದ್ದಾಯಿತು. ವೆಚ್ಚವು ಹತೋಟಿ ಮೀರೀತೆಂಬ ಶಂಕೆಯಿಂದ ಶಾಸನಕರ್ತರು ವ್ಯಾಖ್ಯೆಯನ್ನು ಮೊದಲಿನಿಂದಲೂ ಬಿಗಿಯಾಗಿಯೇ ಇಟ್ಟರು: ಗಣನೀಯ ಲಾಭ ತರುವ ಯಾವ ಉದ್ಯೋಗವನ್ನೂ ಮಾಡಲಾಗದವನೇ ಅರ್ಹನು, ಆಂಶಿಕ ವೈಕಲ್ಯಕ್ಕೆ ಇಲ್ಲಿ ಎಡೆಯಿಲ್ಲ. ಅಶಕ್ತತೆಯು ಕನಿಷ್ಠ 12 ತಿಂಗಳು ಉಳಿಯತಕ್ಕದ್ದೆಂಬ, ಇಲ್ಲವೆ ಮರಣದಲ್ಲಿ ಪರ್ಯವಸಾನವಾಗತಕ್ಕದ್ದೆಂಬ ನಿಯಮವು 1965ರದು.

ಸಂಪಾದನೆಯ ಮಿತಿ: 1980ರ ದಶಕದಲ್ಲಿ ತಿಂಗಳಿಗೆ 300 ಡಾಲರಿನಷ್ಟಿದ್ದ ಮಿತಿಯು 1990ರಲ್ಲಿ 500ಕ್ಕೂ 1999ರ ಜುಲೈಯಲ್ಲಿ 700ಕ್ಕೂ ಏರಿತು. ಬೆಲೆಗಳು ವರ್ಷವರ್ಷವೂ ಏರುತ್ತಿರಲು ಮಿತಿಯು ಮಾತ್ರ ದಶಕಕ್ಕೊಮ್ಮೆ ಕದಲುತ್ತಿದ್ದುದರಿಂದ, ಅದೇ ದೇಹಸ್ಥಿತಿಯ ಕಾರ್ಮಿಕನು ಒಂದು ವರ್ಷ ಅಶಕ್ತನೆಂದೂ ಮತ್ತೊಂದು ವರ್ಷ ಶಕ್ತನೆಂದೂ ಗಣಿತನಾಗಬಹುದಾಗಿತ್ತು. 2001ರಿಂದ ಅದನ್ನು ರಾಷ್ಟ್ರದ ಸರಾಸರಿ ವೇತನದ ಸೂಚ್ಯಂಕಕ್ಕೆ ಹೊಂದಿಸಲಾಗಿದೆ. 2025ರಲ್ಲಿ ಅದು 1,620 ಡಾಲರು, ಅಂಧರಿಗೆ 2,700. ಲೆಕ್ಕ ಹಾಕುವಾಗ ವೈಕಲ್ಯದ ನಿಮಿತ್ತವಾಗಿ ಉದ್ಯೋಗಕ್ಕೆಂದು ಅರ್ಜಿದಾರನು ಸ್ವಂತ ಕೈಯಿಂದ ಭರಿಸಿದ ವೆಚ್ಚವನ್ನೂ, ಮಾಡಿದ ಕೆಲಸದ ಬೆಲೆಗಿಂತ ಹೆಚ್ಚಾಗಿ ಯಜಮಾನನು ಕೊಟ್ಟ ಸಂಬಳದ ಭಾಗವನ್ನೂ ಕಳೆಯಲಾಗುವುದು. ರೋಗದಿಂದಾಗಿ ಆರು ತಿಂಗಳೊಳಗೆ ಕೈಬಿಟ್ಟ ಉದ್ಯೋಗವನ್ನು ವಿಫಲ ಪ್ರಯತ್ನವೆಂದು ಬದಿಗಿರಿಸಲು ಅವಕಾಶವುಂಟು; ಅನೇಕ ಅರ್ಜಿಗಳಿಗೆ ಇದೇ ಆಧಾರವಾದೀತು.

ಅರ್ಜಿದಾರ ಮತ್ತು ಫಲಾನುಭವಿ: ಮಾಸಾಶನ ಪಡೆಯುತ್ತಿರುವವನು 60 ತಿಂಗಳ ಅವಧಿಯಲ್ಲಿ ಒಂಬತ್ತು ತಿಂಗಳು, ಎಷ್ಟೇ ಸಂಪಾದಿಸಿದರೂ ಹಕ್ಕು ಕಳೆದುಕೊಳ್ಳದೆ ತನ್ನ ಶಕ್ತಿಯನ್ನು ಪರೀಕ್ಷಿಸಿಕೊಳ್ಳಬಹುದು. ತೀರ್ಮಾನಕ್ಕೆ ಕಾದು ಕುಳಿತವನಿಗೆ, ಅಂದರೆ ಹಣದ ಅಗತ್ಯ ಬಹುಶಃ ಅತ್ಯಧಿಕವಾಗಿರುವವನಿಗೆ, ಅಂಥ ಭರವಸೆಯಿಲ್ಲ. ಈ ಅಂತರವು ಆಕಸ್ಮಿಕವಲ್ಲವೆಂಬುದನ್ನು 2002ರ ಬಾರ್ನ್‌ಹಾರ್ಟ್ ವಿರುದ್ಧ ವಾಲ್ಟನ್ ಮೊಕದ್ದಮೆ ತೋರಿಸುತ್ತದೆ. ಮನೋವ್ಯಾಧಿಯಿಂದ ಉಪಾಧ್ಯಾಯ ವೃತ್ತಿಯನ್ನು ಕಳೆದುಕೊಂಡವರೊಬ್ಬರು ಹನ್ನೊಂದು ತಿಂಗಳ ತರುವಾಯ ಕ್ಯಾಷಿಯರ್ ಕೆಲಸದಿಂದ ಮಿತಿ ಮೀರಿ ಸಂಪಾದಿಸಿದ್ದರು. ವ್ಯಾಧಿಯಷ್ಟೇ ಅಲ್ಲ, ದುಡಿಯಲಾರದ ಸ್ಥಿತಿಯೂ 12 ತಿಂಗಳು ಉಳಿಯಬೇಕೆಂಬ ಸಾಮಾಜಿಕ ಭದ್ರತಾ ಇಲಾಖೆಯ ವಾದವನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅದಕ್ಕೆ ಮೂರು ವರ್ಷ ಹಿಂದೆ ಅದೇ ನ್ಯಾಯಾಲಯವು, ಮಾಸಾಶನ ಬೇಡಿದ ಮಾತ್ರಕ್ಕೆ ಉದ್ಯೋಗದಲ್ಲಿ ತಾರತಮ್ಯವಾಯಿತೆಂದು ಯಜಮಾನನ ಮೇಲೆ ದಾವೆ ಹೂಡುವ ಹಕ್ಕು ತಾನಾಗಿ ನಷ್ಟವಾಗದೆಂದು ಹೇಳಿತ್ತು. ದುಡಿಯಲಾರೆನೆಂಬ ಹಾಗೂ ದುಡಿಯಬಲ್ಲೆನೆಂಬ ಎರಡು ನಿಲುವುಗಳ ನಡುವಣ ವಿರೋಧವನ್ನು ಸಮರ್ಪಕವಾಗಿ ವಿವರಿಸುವ ಹೊಣೆ ಮಾತ್ರ ಫಿರ್ಯಾದಿಯದೇ.

ಪೂರಕ ಆದಾಯ ಯೋಜನೆ: ನಿರ್ಗತಿಕರಿಗಾಗಿ 1974ರಲ್ಲಿ ಜಾರಿಗೆ ಬಂದ ಈ ಪ್ರತ್ಯೇಕ ಯೋಜನೆಯ ಅರ್ಜಿದಾರರಿಗೂ ಮೇಲಿನ ಮಿತಿಯು ಅನ್ವಯಿಸುತ್ತದೆ, ಅಂಧರು ಮಾತ್ರ ಅದಕ್ಕೆ ಹೊರತು.