ಕಾವೇರಿ ದಂಡೆಗೆ ಬಂದ ಟಿಬೆಟ್

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಿಂದ ಕಾವೇರಿಯ ಗುಂಟ ಮೇಲಕ್ಕೆ ಹೋದರೆ ಕುಶಾಲನಗರ. ಹೊಳೆ ದಾಟಿದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆ. ಹಾಸನ ಸೀಮೆಯವರಿಗೆ ಅದು ಚಿನ್ನದ ಬಣ್ಣದ ಬುದ್ಧನಿರುವ ಊರು, ರಜೆಯಲ್ಲಿ ಮಕ್ಕಳಿಗೆ ತೋರಿಸುವ ತಾಣ. ಅದು ಹುಟ್ಟಿದ್ದು ಮಾತ್ರ ನಿರಾಶ್ರಿತರ ಶಿಬಿರವಾಗಿ.

1950ರಲ್ಲಿ ಚೀನದ ಸೇನೆ ಟಿಬೆಟ್ ಪ್ರವೇಶಿಸಿತು. 1954ರ ಪಂಚಶೀಲ ಒಪ್ಪಂದದಲ್ಲಿ ಭಾರತವೂ ಅದನ್ನು ಚೀನದ ಪ್ರದೇಶವೆಂದು ಒಪ್ಪಿಕೊಂಡಿತ್ತು. 1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ದಂಗೆಯೆದ್ದಾಗ ದಲೈಲಾಮಾ ಗಡಿ ದಾಟಿ ಬಂದರು. ಹಿಂದೆಯೇ ಸಾವಿರಾರು ಜನ. ಆಶ್ರಯ ಕೊಟ್ಟರೆ ನೆರೆರಾಷ್ಟ್ರದ ಸಿಟ್ಟು, ಕೊಡದಿದ್ದರೆ ಲೋಕದೆದುರು ಅಪಕೀರ್ತಿ. ನೆಹರೂ ಆಶ್ರಯ ಕೊಟ್ಟರು. ಹಿಮಾಲಯದಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದ ಈ ಜನಕ್ಕೆ ನೆಲೆ ಬೇಕೆಂದು ಅವರು ರಾಜ್ಯಗಳನ್ನು ಕೇಳಿದಾಗ, ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ 3000 ಎಕರೆ ಕಾಡು ಕೊಟ್ಟಿತು. ಇದರ ಕೀರ್ತಿಯನ್ನು ಜನ ಎಸ್. ನಿಜಲಿಂಗಪ್ಪನವರಿಗೆ ಸಲ್ಲಿಸುತ್ತಾರೆ. 1960ರಲ್ಲಿ ಮೊದಲ ತಂಡ ಬಂದಾಗ ಮುಖ್ಯಮಂತ್ರಿ ಬಿ.ಡಿ. ಜತ್ತಿ ಎಂಬುದು ಮರೆತೇ ಹೋದಂತಿದೆ.

ಹಿಮದ ನಾಡಿನವರಿಗೆ ಇಲ್ಲಿಯ ಸೆಕೆಯೇ ಮೊದಲ ಶತ್ರು. ಮರ ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆದರು. ಅವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಮುಂದೆ ಅದು ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳ ಕೆಲಸಕ್ಕೆ ಹೆಸರಾಯಿತು.

ಇದೇ ಕಾಲದಲ್ಲಿ ಹಾಸನ ಜಿಲ್ಲೆಯಲ್ಲೇ ಜನ ಮನೆ ಬಿಟ್ಟು ಎದ್ದರು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು; ಮಳೆಗಾಲದಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಇಗರ್ಜಿ ಅದರ ಗುರುತು. ಅವರನ್ನು ಯಾರೂ ನಿರಾಶ್ರಿತರೆನ್ನಲಿಲ್ಲ. 1951ರ ವಿಶ್ವಸಂಸ್ಥೆ ಒಡಂಬಡಿಕೆಯ ಪ್ರಕಾರ ದೇಶದ ಗಡಿ ದಾಟಿದವನೇ ನಿರಾಶ್ರಿತ. ಊರು ಕಳೆದುಕೊಂಡ ಸಂಕಟಕ್ಕೆ ಈ ಗೆರೆ ಗೊತ್ತಿಲ್ಲ.

ಭಾರತ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನನ್ನೂ ಮಾಡಿಲ್ಲ. ಹೀಗಾಗಿ ಟಿಬೆಟನ್ನರು ಇಲ್ಲಿ ಕಾನೂನಿನ ಲೆಕ್ಕದಲ್ಲಿ ವಿದೇಶಿಯರು. ನೋಂದಣಿ ಪತ್ರವನ್ನು ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಮಾತ್ರ ಜನ್ಮತಃ ಭಾರತೀಯರೆಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. ಆದರೂ 2017ರಲ್ಲಿ ಪಾಸ್‌ಪೋರ್ಟ್ ಕೇಳಿದವರಿಗೆ ನೋಂದಣಿ ಪತ್ರ ಒಪ್ಪಿಸಿ ಶಿಬಿರ ಬಿಡುವ ಷರತ್ತು ಎದುರಾಯಿತು. ತಂದೆತಾಯಿ ಕಾಡು ಕಡಿದು ಹಸನು ಮಾಡಿದ ಹೊಲವೋ, ಪಾಸ್‌ಪೋರ್ಟೋ ಎಂದು ಬೈಲಕುಪ್ಪೆಯಲ್ಲೇ ಹುಟ್ಟಿದವರು ಯೋಚಿಸಬೇಕಾಯಿತು.