ಚಕ್ಕಡಿಯ ಸಾಲು ಮತ್ತು ಸರಾಸರಿಯ ಲೆಕ್ಕ

ಕೌಜಲಗಿಯ ಸುತ್ತಣ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಉದ್ಯಮಚರಿತ್ರೆಯನ್ನು ಬರೆಯುವವರು 1885ರಲ್ಲಿ ಸ್ಥಾಪಿತವಾದ ಗೋಕಾಕ ಗಿರಣಿಯನ್ನೂ 1897ರ ಧುಪದಾಳ ಒಡ್ಡನ್ನೂ ಮರೆಯಲಾರರು. ಆದರೆ ಹೊಲಕ್ಕೂ ಯಂತ್ರಕ್ಕೂ ನಡುವೆ ಸರಕು ಸಾಗಿಸಿದ ವಾಹನಗಳತ್ತ ಅವರ ದೃಷ್ಟಿ ಹರಿಯುವುದು ವಿರಳ.

ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರಖಾನೆಯಂತಹ ಸಕ್ಕರೆ ಕಾರಖಾನೆಗಳಿಗೆ ಇದು ಮುಖ್ಯವಾದ ವಿಷಯ. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ. ಸಕ್ಕರೆಯ ಅಂಶವೂ ಕುಗ್ಗುತ್ತದೆ. ತೂಕದ ಮೇಲೆ ಬೆಲೆ ಪಡೆಯುವ ರೈತನಿಗೆ ಕಾಟಾದ ಮುಂದಿನ ಕಾಯುವಿಕೆಯೇ ನಷ್ಟ.

ಒಂದು ಕಾಟಾ ಗಂಟೆಗೆ ಸರಾಸರಿ 10 ಚಕ್ಕಡಿಗಳನ್ನು ತೂಗಬಲ್ಲುದು, 9 ಬರುತ್ತವೆ ಎಂದಿಟ್ಟುಕೊಳ್ಳೋಣ. ಸರಾಸರಿಯನ್ನಷ್ಟೇ ನೋಡಿದರೆ ಸಾಲು ನಿಲ್ಲಬಾರದು. ಆದರೆ ಬರವೂ ತೂಗುವ ಅವಧಿಯೂ ಪೂರ್ಣ ಆಕಸ್ಮಿಕವಾಗಿದ್ದರೆ, ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳಿಗಾಗಿ ಆರಂಭಿಸಿದ ಸರತಿಗಣಿತದ ಪ್ರಕಾರ, ಪ್ರತಿ ಚಕ್ಕಡಿಯೂ ಸರಾಸರಿ 54 ನಿಮಿಷ ಕಾಯಬೇಕಾಗುತ್ತದೆ. 8 ಬಂದರೆ 24 ನಿಮಿಷ ಮಾತ್ರ. ಆದುದರಿಂದ ವಾಹನಗಳನ್ನು ಹೆಚ್ಚಿಸಿದರೆ ಅರೆಯುವ ಕಬ್ಬಿಗಿಂತ ಸಾಲೇ ವೇಗವಾಗಿ ಬೆಳೆದೀತು.

ಹಲವು ಕಾಟಾ, ಹಲವು ದಾರಿ, ಟ್ರ್ಯಾಕ್ಟರು-ಲಾರಿಗಳು ಸೇರಿದಾಗ ಸೂತ್ರ ಸಾಲದು. ಆಗ ಆಕಸ್ಮಿಕ ಸಂಖ್ಯೆಗಳನ್ನು ಹಿಡಿದು ಕಾರಖಾನೆಯ ದಿನಚರಿಯನ್ನೇ ಗಣಕಯಂತ್ರದಲ್ಲಿ ಮತ್ತೆ ಮತ್ತೆ ನಡೆಯಿಸಿ ನೋಡಬೇಕು. ಈ ಅನುಕರಣ ಪದ್ಧತಿಯನ್ನು 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಯುನೈಟೆಡ್ ಸ್ಟೀಲ್ ಸಂಸ್ಥೆಯಲ್ಲಿ ಕೆ. ಡಿ. ಟೋಚರ್ ಉಕ್ಕಿನ ಕಾರಖಾನೆಗಳಿಗಾಗಿ ಬೆಳೆಸಿದರು. 1961ರಲ್ಲಿ ಐಬಿಎಂ ಸಂಸ್ಥೆಯ ಜೆಫ್ರಿ ಗಾರ್ಡನ್ ಇಂತಹ ಲೆಕ್ಕಗಳಿಗೆ ಜಿಪಿಎಸ್‌ಎಸ್ ಎಂಬ ಗಣಕಭಾಷೆಯನ್ನು ನೀಡಿದರು.

ಗಾಣ ಬರಿದೆ ನಿಂತ ಹೊತ್ತು ಕಾರಖಾನೆಯ ನಷ್ಟ. ಎತ್ತು ನಿಂತ ಹೊತ್ತು ರೈತನ ನಷ್ಟ. ಮೊದಲನೆಯದನ್ನು ತಪ್ಪಿಸಲು ಎರಡನೆಯದನ್ನು ಎಷ್ಟು ಹೆಚ್ಚಿಸಲಾಯಿತೆಂಬುದನ್ನು ಈ ಪದ್ಧತಿಯು ಅಳೆದು ತೋರಿಸಬಲ್ಲುದು. ಚರಿತ್ರಕಾರನೂ ಕೇಳಬೇಕಾದ ಪ್ರಶ್ನೆ ಇದೇ.