ಕುದುರೆ ಕೂದಲಿಗೆ ಬ್ಯಾಡ್ಜರ್ ವೇಷ: ಗಡ್ಡದ ಬ್ರಷ್ಷಿನಲ್ಲಿ ಬಂದ ನೆರಡಿ

ದನ, ಕುರಿ ಸಾಕುವ ಮನೆಗಳಲ್ಲಿ ನೆರಡಿ ರೋಗದ ಹೆಸರು ಕೇಳದವರು ಕಡಿಮೆ. ಸಂಜೆ ಚೆನ್ನಾಗಿ ಮೇಯ್ದು ಬಂದ ಹಸು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಮೂಗು, ಬಾಯಿಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿರುತ್ತದೆ. ಡಾಕ್ಟರು ಇದನ್ನು ಆಂಥ್ರಾಕ್ಸ್ ಅನ್ನುತ್ತಾರೆ. ಸುಮಾರು ನೂರು ವರ್ಷದ ಹಿಂದೆ ಇದೇ ರೋಗ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಹಸುವನ್ನೂ ಕುರಿಯನ್ನೂ ಮುಟ್ಟದ ಗಂಡಸರ ಕೆನ್ನೆ, ಕುತ್ತಿಗೆಯ ಮೇಲೆ ಕಾಣಿಸಿಕೊಂಡಿತು. ಬಂದ ದಾರಿ ಯಾರೂ ಊಹಿಸದ್ದು: ಗಡ್ಡಕ್ಕೆ ಸೋಪಿನ ನೊರೆ ಹಚ್ಚುವ ಬ್ರಷ್.

ಈ ಕಥೆ ಈಗ ಹೇಳಲು ಕಾರಣವಿದೆ. ಬ್ರಷ್ಷಿನ ಹಿಡಿ ಬೇರೆ, ಕೂದಲಿನ ಕಟ್ಟು ಬೇರೆ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಹವ್ಯಾಸ ಹೊರದೇಶಗಳಲ್ಲಿ ಮತ್ತೆ ಶುರುವಾಗಿದೆ. ಹಳೇ ಬ್ರಷ್ ತಂದು ರಿಪೇರಿ ಮಾಡುವವರೂ ಇದ್ದಾರೆ. ಇಂಥ ವಿಡಿಯೋಗಳು ಹಳ್ಳಿಯ ಫೋನಿಗೂ ಬರುತ್ತವೆ.

ಮೊದಲು ಬ್ಯಾಡ್ಜರ್ ಅಂದರೆ ಏನು ನೋಡೋಣ. ಯುರೋಪಿನಲ್ಲೂ ಏಷ್ಯಾದ ತಂಪು ಪ್ರದೇಶಗಳಲ್ಲೂ ಬಿಲ ತೋಡಿಕೊಂಡು ಬದುಕುವ ಗಿಡ್ಡ ಕಾಲಿನ ಪ್ರಾಣಿ ಅದು. ನಮ್ಮ ತರಕರಡಿ ಅದಕ್ಕೆ ದೂರದ ನೆಂಟ. ಬ್ಯಾಡ್ಜರ್ ಕೂದಲು ಬುಡದಲ್ಲಿ ತಿಳಿ ಬಣ್ಣ, ನಡುವೆ ಕಪ್ಪು ಪಟ್ಟಿ, ತುದಿಯಲ್ಲಿ ಮತ್ತೆ ಬಿಳಿ. ನಡುವೆ ದಪ್ಪಗಿದ್ದು ತುದಿಗೆ ಬರುತ್ತಾ ಸಣ್ಣಗಾಗುತ್ತದೆ. ಹಾಗಾಗಿ ಮುಖಕ್ಕೆ ಮೆತ್ತಗೆ, ಆದರೆ ಬುಡ ಬಿಗಿ. ನೀರನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಈ ಬ್ರಷ್ಷಿಗೆ ಎಷ್ಟು ಹೆಸರಿತ್ತೆಂದರೆ ಫ್ರೆಂಚ್ ಭಾಷೆಯಲ್ಲಿ ಪ್ರಾಣಿಗೂ ಗಡ್ಡದ ಬ್ರಷ್ಷಿಗೂ ಒಂದೇ ಪದ, ಬ್ಲೆರೋ.

ಬ್ರಷ್ ಕಟ್ಟುವುದು ಕೈಕಸುಬು. ಕೂದಲನ್ನು ತುದಿ ಕೆಳಗಾಗಿ ಸಣ್ಣ ಬಟ್ಟಲಿನಂಥ ಅಚ್ಚಿಗೆ ಇಳಿಸಿ ತಟ್ಟುತ್ತಾರೆ. ಬಟ್ಟಲಿನ ಆಕಾರವೇ ಬ್ರಷ್ಷಿನ ತಲೆಯ ಆಕಾರ. ಆಮೇಲೆ ಬುಡವನ್ನು ದಾರದಿಂದ ಬಿಗಿದು ಅಂಟು ಹಾಕಿ ಹಿಡಿಯ ತೂತಿನಲ್ಲಿ ಕೂರಿಸುತ್ತಾರೆ. ಒಳ್ಳೆಯ ಬ್ರಷ್ಷಿನಲ್ಲಿ ಕೂದಲಿನ ತುದಿಯನ್ನು ಕತ್ತರಿಸುವುದಿಲ್ಲ, ಏಕೆಂದರೆ ಬೆಲೆ ಇರುವುದೇ ಆ ತುದಿಗೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಪ್ರಾಣಿ ಕೂದಲಿನ ವ್ಯಾಪಾರದಲ್ಲಿ ರಷ್ಯಾ ಮತ್ತು ಜರ್ಮನಿಯ ಪಾಲು ದೊಡ್ಡದಿತ್ತು. ಯುದ್ಧದಿಂದ ಆ ದಾರಿ ಮುಚ್ಚಿತು. ಅದೇ ಹೊತ್ತಿಗೆ ಬೇಡಿಕೆ ಏರಿತು. ಲಕ್ಷಾಂತರ ಸೈನಿಕರಿಗೆ ಕ್ಷೌರದ ಸಾಮಾನು ಬೇಕಾಯಿತು. ಸೈನ್ಯದಲ್ಲಿ ಗಡ್ಡ ತೆಗೆಯುವುದು ಶಿಸ್ತಿನ ಮಾತು. ಜೊತೆಗೆ ವಿಷಾನಿಲದ ದಾಳಿ ಶುರುವಾದ ಮೇಲೆ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರಬೇಕಿತ್ತು. ಅಮೆರಿಕದ ಸೈನ್ಯಕ್ಕೆ ಜಿಲೆಟ್ ಕಂಪನಿ ಒಂದೇ 35 ಲಕ್ಷ ರೇಜರ್ ಪೂರೈಸಿತು ಅಂದರೆ ಬೇಡಿಕೆ ಎಷ್ಟಿತ್ತು ಲೆಕ್ಕ ಹಾಕಿ.

ಬ್ಯಾಡ್ಜರ್ ಕೂದಲು ಸಾಲದಾದಾಗ ತಯಾರಕರು ಕುದುರೆ ಕೂದಲಿಗೆ ಕೈ ಹಾಕಿದರು. ಚೀನಾ, ಸೈಬೀರಿಯಾ ಕಡೆಯಿಂದ ಅಗ್ಗವಾಗಿ ಬರುತ್ತಿದ್ದ ಕೂದಲದು. ಅದನ್ನು ಬಿಳಿಚಿಸಿ, ನಡುವೆ ಕಪ್ಪು ಬಣ್ಣದ ಪಟ್ಟಿ ಹಾಕಿ, ಬ್ಯಾಡ್ಜರ್‌ನಂತೆ ಕಾಣುವ ಹಾಗೆ ಮಾಡಿದರು. ಬಣ್ಣಕ್ಕೆ ಕೊಟ್ಟ ಗಮನವನ್ನು ಶುದ್ಧಿಗೆ ಕೊಡಲಿಲ್ಲ.

ಆ ಕೂದಲಿನಲ್ಲಿ ನೆರಡಿಯಿಂದ ಸತ್ತ ಪ್ರಾಣಿಗಳದ್ದೂ ಸೇರಿತ್ತು. ಈ ರೋಗದ ಬ್ಯಾಕ್ಟೀರಿಯಾಕ್ಕೆ ಒಂದು ಶಕ್ತಿಯಿದೆ. ಕಷ್ಟಕಾಲ ಬಂದರೆ ಗಟ್ಟಿ ಚಿಪ್ಪಿನ ಬೀಜಾಣುವಾಗಿ ಮಲಗಿಬಿಡುತ್ತದೆ. ಒಣಗಿದರೂ ಸಾಯುವುದಿಲ್ಲ, ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಜರ್ಮನಿಯ ಡಾಕ್ಟರ್ ರಾಬರ್ಟ್ ಕಾಖ್ ಇದನ್ನು 1876ರಲ್ಲೇ ತೋರಿಸಿದ್ದರು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಉಣ್ಣೆ ಕಾರ್ಖಾನೆಗಳಲ್ಲಿ ಕೂಲಿಕಾರರು ಇದೇ ರೋಗದಿಂದ ಸಾಯುತ್ತಿದ್ದದ್ದೂ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಕೂದಲಿನಿಂದ ನೆರಡಿ ಬರುತ್ತದೆ ಅನ್ನುವುದು ಹೊಸ ಸುದ್ದಿಯೇನಲ್ಲ. ಅಲ್ಲಿಯವರೆಗೆ ಅದು ಕೂಲಿಯವರ ರೋಗವಾಗಿತ್ತು, ಈಗ ಬ್ರಷ್ ಕೊಂಡವರ ಮುಖಕ್ಕೇ ಬಂತು.

ಗಡ್ಡ ಕೆರೆಯುವಾಗ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ. ಬ್ರಷ್ಷಿನ ಬೀಜಾಣು ಅಲ್ಲಿಂದ ಒಳಹೊಕ್ಕರೆ ಮೊದಲು ಸಣ್ಣ ಗುಳ್ಳೆ, ಆಮೇಲೆ ನೀರು ತುಂಬಿದ ಊತ, ನಡುವೆ ಕಲ್ಲಿದ್ದಲಿನಂಥ ಕಪ್ಪು ಹೊಪ್ಪಳೆ. ಆಂಥ್ರಾಕ್ಸ್ ಅನ್ನುವ ಗ್ರೀಕ್ ಪದದ ಅರ್ಥವೇ ಕಲ್ಲಿದ್ದಲು. ಆ ಹುಣ್ಣು ಹೆಚ್ಚು ನೋಯುವುದಿಲ್ಲ, ಅದಕ್ಕೇ ಜನ ತಡ ಮಾಡುತ್ತಿದ್ದರು. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಸೈನಿಕರು, ನಾಗರಿಕರು ಸೇರಿ ನೂರಕ್ಕೂ ಹೆಚ್ಚು ಜನರಿಗೆ ರೋಗ ಬಂತು, ಹಲವರು ಸತ್ತರು.

ಮೂಲ ಹಿಡಿದದ್ದು ಹೀಗೆ. ರೋಗಿಗಳು ಇತ್ತೀಚೆಗೆ ಹೊಸ ಬ್ರಷ್ ಕೊಂಡಿದ್ದರು ಅನ್ನುವುದು ಡಾಕ್ಟರುಗಳ ಗಮನಕ್ಕೆ ಬಂತು. ಅವರ ಬ್ರಷ್ಷುಗಳ ಜೊತೆಗೆ ಅಂಗಡಿಯಲ್ಲಿ ಉಳಿದಿದ್ದ, ಯಾರೂ ಬಳಸದ ಬ್ರಷ್ಷುಗಳನ್ನೂ ಪರೀಕ್ಷೆ ಮಾಡಿದರು. ಅವುಗಳಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ರೋಗಿಯಿಂದ ಬ್ರಷ್ಷಿಗೆ ಹೋದದ್ದಲ್ಲ, ಬ್ರಷ್ಷಿನಿಂದಲೇ ರೋಗಿಗೆ ಬಂದದ್ದು ಅನ್ನುವುದು ಖಚಿತವಾಯಿತು.

ಬ್ರಿಟನ್ 1919ರಲ್ಲಿ ಆಂಥ್ರಾಕ್ಸ್ ತಡೆ ಕಾಯ್ದೆ ತಂದಿತು. 1920ರಲ್ಲಿ ಜಪಾನಿನಿಂದ ಬರುವ ಗಡ್ಡದ ಬ್ರಷ್ಷುಗಳನ್ನು ನಿಷೇಧಿಸಿತು. ಅಮೆರಿಕದ ತಯಾರಕರು ಬ್ರಷ್ಷಿನ ಹಿಡಿಯ ಮೇಲೆ ‘ಸ್ಟೆರಿಲೈಸ್ಡ್’, ಅಂದರೆ ಶುದ್ಧ ಮಾಡಿದ್ದು ಎಂದು ಅಚ್ಚು ಹಾಕತೊಡಗಿದರು. ಹಳೇ ಬ್ರಷ್ಷುಗಳಲ್ಲಿ ಆ ಅಕ್ಷರ ಈಗಲೂ ಕಾಣುತ್ತದೆ. ನೋಡಿದವರಿಗೆ ಅದು ಮಾರಾಟದ ಮಾತು ಅನ್ನಿಸಬಹುದು. ಅದರ ಹಿಂದೆ ಇರುವುದು ಹೆಣಗಳು.

ಈಗ ಮನೆಯಲ್ಲಿ ಜೋಡಿಸುವ ಮಾತಿಗೆ ಬರೋಣ. ಕೆಲಸ ಸುಲಭ. ಮರದ ಹಿಡಿಗೆ ತೂತು ಕೊರೆಯಬೇಕು. ಕಟ್ಟಿನ ಬುಡ 24 ಮಿಲಿಮೀಟರ್ ಇದ್ದರೆ ತೂತು ಅದಕ್ಕಿಂತ ಕೂದಲೆಳೆಯಷ್ಟು ಅಗಲ. ಅಂಟು ಹಾಕುವ ಮೊದಲು ಒಣಗಿದ್ದಾಗಲೇ ಕೂರಿಸಿ ನೋಡಬೇಕು. ತೂತು ಆಳವಾದಷ್ಟೂ ಬ್ರಷ್ ಗಡುಸು, ಮೇಲಾದಷ್ಟೂ ಮೆತ್ತಗೆ. ಎರಡು ಟ್ಯೂಬಿನ ಎಪಾಕ್ಸಿ ಅಂಟು ಬೆರೆಸಿ ತೂತಿಗೆ ಸ್ವಲ್ಪ ಹಾಕಿ, ಕಟ್ಟನ್ನು ನೆಟ್ಟಗೆ ಕೂರಿಸಿ, ಒಂದು ದಿನ ಮುಟ್ಟದೆ ಬಿಟ್ಟರೆ ಆಯಿತು.

ಕಷ್ಟ ಇರುವುದು ಕೂದಲಿನಲ್ಲಿ. ಯಾವ ಪ್ರಾಣಿಯದು, ಎಲ್ಲಿಂದ ಬಂತು, ಯಾರು ಶುದ್ಧ ಮಾಡಿದರು ಎಂದು ನೋಡಿ ಹೇಳಲಾಗುವುದಿಲ್ಲ. ಯುದ್ಧಕಾಲದಲ್ಲಿ ಬ್ರಷ್ ಕೊಂಡವರಿಗೂ ಆಗಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಬೀಜಾಣು ಸಾಯುವುದಿಲ್ಲ. ಕೊಲ್ಲುವಷ್ಟು ಕಾವು ಕೊಡಲು ಹೋದರೆ ಬ್ರಷ್ಷೇ ಹಾಳಾಗಬಹುದು. ಆದ್ದರಿಂದ ಆ ಕಾಲದ ಹಳೇ ಬ್ರಷ್ ಸಿಕ್ಕರೆ ಷೋಕೇಸಿನಲ್ಲಿಡಿ, ಮುಖಕ್ಕೆ ಬೇಡ. ಹಿಡಿ ಚೆನ್ನಾಗಿದೆಯೆಂದು ಹಳೇ ಕೂದಲನ್ನು ಕಿತ್ತು ಕೆರೆಯುವುದೂ ಬೇಡ, ದೂಳು ಮೂಗಿಗೆ ಹೋಗುತ್ತದೆ. ಸತ್ತ ಕುದುರೆ, ಮೇಕೆಯ ಕೂದಲು ಕತ್ತರಿಸಿ ನಾವೇ ಬ್ರಷ್ ಕಟ್ಟುವ ಪ್ರಯೋಗವಂತೂ ಬೇಡವೇ ಬೇಡ. ಕಾಡುಪ್ರಾಣಿಯ ಕೂದಲಾದರೆ ಕಾನೂನೂ ಅಡ್ಡ ಬರುತ್ತದೆ. ತರಕರಡಿ, ಮುಂಗುಸಿ ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಆಸೆಯಿದ್ದರೆ ನೈಲಾನ್‌ನಂಥ ಕೃತಕ ಎಳೆಯ ಕಟ್ಟು ತನ್ನಿ. 1938ರಲ್ಲೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಂದಿ ಕೂದಲಿನ ಜಾಗಕ್ಕೆ ನೈಲಾನ್ ಬಂತು. ಗಡ್ಡದ ಬ್ರಷ್ಷಿಗೂ ಅಂಥ ಎಳೆಗಳು ಈಗ ಚೆನ್ನಾಗಿ ಬರುತ್ತಿವೆ. ಬೆಲೆಯೂ ಕಡಿಮೆ.

ಕೊನೆಯದಾಗಿ ಕೊಟ್ಟಿಗೆಯ ಮಾತು. ದನವೋ ಕುರಿಯೋ ಇದ್ದಕ್ಕಿದ್ದಂತೆ ಸತ್ತು ರಕ್ತ ಸೋರುತ್ತಿದ್ದರೆ ಸುಲಿಯಬೇಡಿ, ಕೊಯ್ಯಬೇಡಿ, ಮಾಂಸ ಹಂಚಬೇಡಿ, ಚರ್ಮ ಕೂದಲು ಮಾರಬೇಡಿ. ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ. ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ರೋಗ ಕಂಡ ಊರಿನಲ್ಲಿ ಉಳಿದ ದನಗಳಿಗೆ ಲಸಿಕೆ ಹಾಕಿಸಿ. ನಿಮ್ಮ ಕೈಗೋ ಮುಖಕ್ಕೋ ನೋವಿಲ್ಲದ ಕಪ್ಪು ಹೊಪ್ಪಳೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ದನ ಸತ್ತ ವಿಷಯವನ್ನೂ ಡಾಕ್ಟರಿಗೆ ಹೇಳಿ. ಆಗ ಇಲ್ಲದಿದ್ದ ಔಷಧಿ ಈಗ ಇದೆ, ಆದರೆ ಹೊತ್ತಿಗೆ ಸರಿಯಾಗಿ ಹೋಗಬೇಕು.